ಮುಖ ಬೇಡ, ಕೈಕಾಲು ಸಾಕು

ನಮ್ಮ ಬಡತನ ನೋಡಲು ಚಂದ ಇದೆಯೆಂದು ನಮಗೆ ಗೊತ್ತಿರಲಿಲ್ಲ. ಅದನ್ನು ಹೇಳಲು ಮುಂಬೈಯಿಂದ ಒಬ್ಬ ದಾಡಿಯವನು ಬರಬೇಕಾಯಿತು.

ನಾನು ಪರಸವ್ವ. ಬೆಳಿಗ್ಗೆ ಐದಕ್ಕೆ ಗಾಂಧಿ ಚೌಕ ಗುಡಿಸುವವಳು. ಎಸ್ಸೆಸ್ಸೆಲ್ಸಿ ಫೇಲು, ಆದರೆ ಕನ್ನಡದಲ್ಲಿ ಪಾಸು. ಅದಕ್ಕೇ ಇದನ್ನು ನಾನೇ ಬರೆಯುತ್ತಿದ್ದೇನೆ. ಬೇರೆಯವರು ನಮ್ಮ ಕಥೆ ಹೇಳಲು ಕುಳಿತರೆ ಏನಾಗುತ್ತದೆ ಎಂಬುದನ್ನು ಹದಿನೆಂಟು ದಿನ ಕಣ್ಣಾರೆ ನೋಡಿದ್ದೇನೆ.

ಅಥಣಿ ರಸ್ತೆಗೆ ಹತ್ತಿಕೊಂಡು, ಕಟ್ಟಿಗೆ ಅಡ್ಡೆಯ ಹಿಂದೆ, ಹದಿನಾರು ಮನೆಗಳ ಓಣಿ ನಮ್ಮದು. ಹೊಸ್ತಿಲು ಮುಗಿದಲ್ಲಿ ಗಟಾರ ಶುರು. ಗಟಾರದ ಆಚೆ ರಸ್ತೆ. ಪಕ್ಕದ ಮನೆಗೆ ಹೋಗಬೇಕೆಂದರೂ ಗಟಾರ ದಾಟಿ ರಸ್ತೆಗೆ ಬಂದು, ಮತ್ತೆ ಗಟಾರ ದಾಟಬೇಕು. ಮೇಲಿನ ಲೇಔಟುಗಳ ನೀರೆಲ್ಲ ನಮ್ಮ ಬಾಗಿಲ ಮುಂದೆ ಹಾದು ಹೋಗುತ್ತದೆ. ಅವರು ಯಾವ ಸಾಬೂನು ಹಚ್ಚಿಕೊಂಡರು, ರಾತ್ರಿ ಏನು ಉಂಡು ಚೆಲ್ಲಿದರು ಎಲ್ಲ ನಮಗೆ ಗೊತ್ತು. ಅವರಿಗೆ ಮಾತ್ರ ನಮ್ಮ ಹೆಸರು ಗೊತ್ತಿಲ್ಲ.

ಗಟಾರ ಕಟ್ಟಿದರೆ ಅದರಲ್ಲಿ ಇಳಿಯುವವರೂ ನಾವೇ. ನನ್ನ ಅವ್ವ ಕಾಳವ್ವ ಮೂವತ್ತು ವರ್ಷ ಇಳಿದಳು. ತೊಡೆಮಟ ರಾಡಿಯಲ್ಲಿ ನಿಂತು ಬುಟ್ಟಿಯಿಂದ ಮೊಗೆದು ದಂಡೆಗೆ ಹಾಕುವುದು. ಬರಿಗೈ, ಬರಿಗಾಲು. ಎಡಗಾಲ ಮೀನಖಂಡದ ಮೇಲೆ ಒಂದು ಹುಣ್ಣಾಯಿತು. ಸಾಯುವತನಕ ಮಾಯಲಿಲ್ಲ. ಹೆಣದ ಮೈ ತೊಳೆಯುವಾಗಲೂ ಅದು ಒಸರುತ್ತಿತ್ತು. ಆವತ್ತೇ ನಾನು ಆಣೆ ಮಾಡಿದೆ. ರಸ್ತೆ ಗುಡಿಸುತ್ತೇನೆ, ಗಟಾರಕ್ಕೆ ಇಳಿಯುವುದಿಲ್ಲ. ಇಳಿಯುವ ಬದಲು ಅರ್ಜಿ ಬರೆದೆ. ಹನ್ನೊಂದು ವರ್ಷ ಬರೆದೆ. ಗಟಾರಕ್ಕೆ ಸ್ಲ್ಯಾಬು ಮುಚ್ಚಿರಿ, ಮಷೀನು ಹಚ್ಚಿ ತೊಳೆಯಿರಿ.

ಈ ವರ್ಷ ಸ್ಲ್ಯಾಬು ಬಂದವು. ಬೇವಿನ ಗಿಡದ ಕೆಳಗೆ ಪೇರಿಸಿಟ್ಟ ನಲವತ್ತೆರಡು ಸ್ಲ್ಯಾಬು. ಎಣಿಸಿದವಳು ಪಕ್ಕದ ಮನೆಯ ಪೀರಾಂಬಿ. ಎಪ್ಪತ್ತು ದಾಟಿದ ಮುದುಕಿ. ಎರಡು ವರ್ಷದ ಕೆಳಗೆ ಗಟಾರಕ್ಕೆ ಬಿದ್ದು ಟೊಂಕದ ಎಲುಬು ಮುರಿದುಕೊಂಡಿದ್ದಳು. ಅಂದಿನಿಂದ ಹೊಸ್ತಿಲ ಮುಂದೆ ಒಂದು ಹಲಗೆ ಹಾಕಿದ್ದೆವು. ಅದರ ಮೇಲೆ ಯಾರದಾದರೂ ಕೈ ಹಿಡಿದು ದಾಟಬೇಕು, ಒಬ್ಬಳೇ ಅಲ್ಲ.

"ಸೋಮವಾರ ಕೆಲಸ ಸುರು ಅಂತ, ಬೇಟಿ. ಕಲ್ಲ ಬಿದ್ದ ಮರದಿನಾನ ನಾ ಒಬ್ಬಾಕೆ ನಿನ್ನ ಮನಿಗೆ ಚಾ ಕುಡ್ಯಾಕ ಬರ್ತೀನಿ. ನೀ ಕೈ ಹಿಡ್ಯಾಕ ಬಂದೀ ಅಂದ್ರ ನೋಡು" ಎಂದಳು.

ಇನ್ನೆರಡು ದಿನ ಇತ್ತು. ಶನಿವಾರ ಹನ್ನೊಂದಕ್ಕೆ ಓಣಿಯ ಬಾಯಲ್ಲಿ ಬಿಳಿ ಕಾರು ನಿಂತಿತು. ಬಿಳಿ ದಾಡಿ, ಕನ್ನಡಕ, ಖಾದಿ ಜುಬ್ಬಾದವನೊಬ್ಬ ಇಳಿದ. ಜೊತೆಗೊಂದು ಹುಡುಗಿ. ಅವಳ ಕೈಯಲ್ಲಿ ಪ್ಯಾಡು, ಪೆನ್ನು. ಮನೆಮನೆಯ ಫೋಟೊ ತೆಗೆಯತೊಡಗಿದಳು. "ಮನೇಲಿ ಎಷ್ಟು ಜನ? ಅಡುಗೆ ಯಾವುದರ ಮೇಲೆ ಮಾಡ್ತೀರಿ?" ಇಷ್ಟು ಕೇಳಿದ ಮೇಲೆ ಅದು ಸರ್ವೆ ಅಲ್ಲದೆ ಇನ್ನೇನು? ನಾನು ತಾಟು ತೆಗೆದುಕೊಂಡು ಬಡಿದೆ.

ಸರ್ವೆಯವರು ಬಂದು ಹೋದ ಮೇಲೆ ನಮ್ಮಲ್ಲಿ ಯಾರದಾದರೂ ರೇಷನ್ ಕಾರ್ಡು ಹೋಗುತ್ತದೆ. ಪೀರಾಂಬಿಯದು ಹಾಗೇ ಹೋಯಿತು. ಮದುವೆಗೆಂದು ಎರವಲು ತಂದ ಕೂಲರು ಮೂಲೆಯಲ್ಲಿ ಕಂಡಿತ್ತು. ಕೂಲರು ಇದ್ದವರಿಗೆ ಹಸಿವು ಇರುವುದಿಲ್ಲವಂತೆ. ಅಂದಿನಿಂದ ನಾವು ಜಾಣರಾದೆವು. ತಾಟಿನ ಸಪ್ಪಳ ಕೇಳಿದರೆ ಹದಿನಾರು ಮನೆಯೂ ಐದು ನಿಮಿಷದಲ್ಲಿ ಬಡತನಕ್ಕೆ ಇಳಿಯುತ್ತವೆ. ಗ್ಯಾಸ್ ಸಿಲಿಂಡರು ಜೋಳದ ಪೀಪಾಯಿಯೊಳಗೆ. ಮೂರು ಕಲ್ಲಿನ ಒಲೆ ಮುಂದಕ್ಕೆ. ಫ್ರಿಜ್ಜಿನ ಮೇಲೆ ಹರಕು ಸೀರೆ. ಬೈಕು ಕಟ್ಟಿಗೆ ಅಡ್ಡೆಗೆ. ನನ್ನ ಟೀವಿಗೆ ಕೌದಿ ಸುತ್ತಿ, ತಲೆಯ ಕಡೆ ತಂಬಿಗೆ ಇಟ್ಟು, ಗೋಡೆಗೆ ಮುಖ ಮಾಡಿಸಿ ಮಲಗಿಸುತ್ತೇನೆ. ಯಾರಾದರೂ ಕೇಳಿದರೆ ಅತ್ತೆಗೆ ಜ್ವರ. ಅತ್ತೆ ಸತ್ತು ಒಂಬತ್ತು ವರ್ಷವಾಯಿತು.

ದಾಡಿಯವನು ಬಾಗಿ ನನ್ನ ಮನೆಯೊಳಗೆ ಬಂದ. ಒಲೆ ನೋಡಿದ. ಕೌದಿ ನೋಡಿದ.

"ಯಾರು ಮಲಗಿರೋದು?"

"ನಮ್ಮತ್ತಿ ರೀ. ಜ್ವರ ಬಂದಾವು."

"ಡಾಕ್ಟರಿಗೆ ತೋರಿಸಿಲ್ವಾ?"

"ಎಲ್ಲಿಂದ ತೋರಸೂಣ್ರಿ ಯಪ್ಪಾ" ಎಂದು ಸೆರಗು ಬಾಯಿಗೆ ಹಿಡಿದೆ. ಅದು ಅಭ್ಯಾಸ.

ಅವನ ಕಣ್ಣು ತುಂಬಿದವು. ಸರ್ವೆಯವರು ಎಂದೂ ಅತ್ತಿರಲಿಲ್ಲ. ನನಗೆ ಅನುಮಾನ ಬಂತು. "ಶರ್ವರಿ, ಸಿಕ್ಕಿತು. ಇಷ್ಟು ದಿನ ಹುಡುಕ್ತಿದ್ದಿದ್ದು ಇದೇ. ಒಂದು ವಸ್ತುವೂ ಅತ್ತಿತ್ತ ಆಗಬಾರದು" ಎಂದ. ಹುಡುಗಿ ನನ್ನ ಟೀವಿಯ ಫೋಟೊ ತೆಗೆದಳು.

ಅವನು ಸುಶೀಲೇಂದ್ರ, ಸಿನೆಮಾ ನಿರ್ದೇಶಕ. ಅವನ ಅಜ್ಜ ಇದೇ ವಿಜಯಪುರದಲ್ಲಿ ವಕೀಲನಾಗಿದ್ದನಂತೆ. "ನಾನೂ ನಿಮ್ಮೂರಿನವನೇ" ಎಂದು ಮೂರು ಸಲ ಹೇಳಿದ. ನಗರದ ಅಂಚಿನವರ ಬದುಕಿನ ಬಗ್ಗೆ ಸಿನೆಮಾ, ಪೂರಾ ರಿಯಲ್, ನಲವತ್ತು ದಿನದ ಶೂಟಿಂಗು. ಹೊರದೇಶದ ಚಿತ್ರೋತ್ಸವಗಳಿಗೆ ಹೋಗುತ್ತದೆ. ಸರ್ವೆ ಅಲ್ಲ ಎಂದು ತಿಳಿದು ನಮ್ಮವರೆಲ್ಲ ಉಸ್ಸೆಂದರು. ಯಾರೋ ಆಗಲೇ ಗ್ಯಾಸು ಹಚ್ಚಲು ಹೊರಟರು.

"ಬೇಡ! ಏನೂ ಬದಲಾಗಬಾರದು" ಎಂದು ಸುಶೀಲೇಂದ್ರ ಚೀರಿದ.

ಅದಕ್ಕೆ ಕಂಟಿನ್ಯೂಟಿ ಎನ್ನುತ್ತಾರೆ. ಶರ್ವರಿಯ ಕೆಲಸವೇ ಅದು. ಮೊದಲ ದಿನ ಹೇಗಿತ್ತೋ ನಲವತ್ತನೆಯ ದಿನವೂ ಹಾಗೇ ಇರಬೇಕು. ಹರಿದ ಪರದೆ ಹರಿದೇ ಇರಬೇಕು, ಹೊಲಿಯಬಾರದು. ಗೋಡೆಗೆ ಸುಣ್ಣ ಹಚ್ಚಬಾರದು. ಗ್ಯಾಸು ಹಚ್ಚಿದರೆ ಗೋಡೆಯ ಹೊಗೆಯ ಬಣ್ಣ ಕಡಿಮೆಯಾಗುತ್ತದೆ, ಆದ್ದರಿಂದ ಕಟ್ಟಿಗೆಯೇ ಉರಿಸಬೇಕು. ಸರ್ವೆಯವರ ಮುಂದೆ ಅರ್ಧ ತಾಸು ಬಡವರಾಗಿ ಪಾರಾಗುತ್ತಿದ್ದವರು ಈಗ ನಲವತ್ತು ದಿನಕ್ಕೆ ಸಿಕ್ಕಿಬಿದ್ದೆವು. ನಿಜ ಹೇಳೋಣವೆಂದರೆ ಆ ಫೋಟೊಗಳು ಯಾವ ಕಚೇರಿಯ ಮೇಜಿಗೆ ಹೋಗುತ್ತವೋ ಎಂಬ ಹೆದರಿಕೆ.

ಮನೆಯೊಳಗೆ ಕ್ಯಾಮೆರಾ ಬರುವುದೆಂದ ಮೇಲೆ ಸಾಮಾನು ಇಡಲು ಜಾಗವಿರಲಿಲ್ಲ. ಪೀರಾಂಬಿಯ ಮಗ ಅಬ್ದುಲಸಮದ ಬಾಡಿಗೆ ಟೆಂಪೊ ಹೊಡೆಯುತ್ತಾನೆ. ತಿಕೋಟಾದ ತನ್ನ ಮಾವನ ಮನೆಯಲ್ಲಿ ಎಲ್ಲವನ್ನೂ ಇಡೋಣವೆಂದ. ಫ್ರಿಜ್ಜು, ಮಿಕ್ಸರು, ಕೂಲರು ಕಟ್ಟಿಗೆ ಅಡ್ಡೆಯ ಕಡೆಯಿಂದ ಹೇಗೋ ಹೋದವು. ರವಿವಾರ ನನ್ನ ಟೀವಿ ಹೊರಗೆ ಬರುವಾಗ ಮಾತ್ರ ಸುಶೀಲೇಂದ್ರ ಎದುರಿಗೇ ಬಂದ. ಕೌದಿ ಸುತ್ತಿದ್ದನ್ನು ಇಬ್ಬರು ಹೊತ್ತಿದ್ದರು.

"ಏನಾಯ್ತು?"

ಬಾಯಿಗೆ ಬಂದದ್ದನ್ನು ಹೇಳಿದೆ. "ಅತ್ತಿ ಹೋಗಿಬಿಟ್ಲ್ರಿ. ತಿಕೋಟಾ ಆಕಿ ತವರು. ಅಲ್ಲೇ ಮಣ್ಣ ಮಾಡ್ತೀವ್ರಿ."

ಸುಶೀಲೇಂದ್ರ ಚಪ್ಪಲಿ ಕಳೆದ. ಅಂದು ಬೆಳಿಗ್ಗೆಯಷ್ಟೇ ಬಂದಿಳಿದಿದ್ದ ಇಡೀ ಶೂಟಿಂಗಿನ ತಂಡ ಬಿಸಿಲಲ್ಲಿ ಎರಡು ನಿಮಿಷ ತಲೆ ತಗ್ಗಿಸಿ ನಿಂತಿತು. ಇಪ್ಪತ್ತೆಂಟು ಜನ, ಒಂದು ಟೀವಿಗೆ. ಆಮೇಲೆ ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. "ತಪ್ಪು ತಿಳಿಬೇಡಿ ಪರಸವ್ವ. ಇದನ್ನು ಶೂಟ್ ಮಾಡ್ಕೋಬಹುದಾ?"

ನಾನು ಬೇಡವೆಂದೆ. ಟೆಂಪೊ ತಿರುವು ದಾಟುವತನಕ ಪೀರಾಂಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲುಗಿದಳು. ಅಳುತ್ತಿದ್ದಾಳೆಂದು ಶರ್ವರಿ ಅವಳ ಬೆನ್ನು ಸವರಿದಳು.

ಸೋಮವಾರ ಬಂತು. ಸ್ಲ್ಯಾಬಿನ ಕೆಲಸ ಶುರುವಾಗಲಿಲ್ಲ. ಸ್ಲ್ಯಾಬುಗಳಿಗೆ ತಾಡಪತ್ರಿ ಹೊದಿಸಿ ಮೇಲೆ ಜೋಳದ ಕಣಿಕೆ ಹರಡಿದ್ದರು. ಹೊಸ ಸಿಮೆಂಟು ಕ್ಯಾಮೆರಾಕ್ಕೆ ಕಾಣಬಾರದಂತೆ. ನಾನು ಗುತ್ತಿಗೆದಾರ ಸಂಗನಬಸವನನ್ನು ಹುಡುಕಿಕೊಂಡು ಹೋದೆ. ನಿಡೋಣಿಯವನು. ಸ್ಲ್ಯಾಬಿನ ಗುತ್ತಿಗೆಯೂ ಅವನದೇ, ನಮ್ಮಂಥ ಕಸ ಗುಡಿಸುವವರ ಗುತ್ತಿಗೆಯೂ ಅವನದೇ. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಮುಖಕ್ಕೆ ಯಾರೋ ಪೌಡರು ಬಡಿಯುತ್ತಿದ್ದರು.

"ಸಾವ್ಕಾರ್ರ, ಕೆಲಸ ಯಾವಾಗ ಸುರು ಮಾಡ್ತೀರಿ?"

"ಶೂಟಿಂಗ್ ಮುಗದ ಮ್ಯಾಲ. ಗಟಾರ ಮುಚ್ಚಿದ್ರ ಸಿನೆಮಾ ಹೆಂಗ ಆಗ್ತದ? ನಮ್ಮ ಊರಿನ ಹೆಸರು ಜಗತ್ತಿಗೆ ಹೊಕ್ಕೈತಿ, ಪರಸಿ."

"ನಲವತ್ತ ದಿನಕ್ಕ ಮಳಿ ಹಿಡಿತೈತ್ರಿ."

"ಹನ್ನೊಂದು ವರ್ಷ ತಡದಾಕಿ, ನಲವತ್ತ ದಿನ ತಡಿಯಾಕ ಬರಂಗಿಲ್ಲೇನು?"

ಅವನಿಗೆ ಸಿನೆಮಾದಲ್ಲಿ ಪಾತ್ರ ಕೊಟ್ಟಿದ್ದರು. ಏನು ಪಾತ್ರ ಗೊತ್ತೇ? ಓಣಿಯ ಜನರ ಗೋಳು ಕೇಳಿ ಗಟಾರ ಮುಚ್ಚಿಸುವ ಪ್ರಾಮಾಣಿಕ ಸಾಹೇಬ. ಗಟಾರ ಮುಚ್ಚಿಸುವವನ ಪಾತ್ರ ಮಾಡಲಿಕ್ಕೆ ಗಟಾರ ಮುಚ್ಚಿಸುವುದನ್ನು ನಿಲ್ಲಿಸಿದ್ದ. "ಈ ಗಟಾರವನ್ನು ಇಂದೇ ಮುಚ್ಚಿಸುತ್ತೇನೆ, ತಾಯಿ!" ಇದೊಂದೇ ಮಾತು ಅವನದು. ಆ ವಾರ ಹದಿನೇಳು ಸಲ ಹೇಳಿದ, ಹದಿನೇಳು ಸಲವೂ ತಪ್ಪಿದ. ತನ್ನೂರಿನ ಹತ್ತಿರದ ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ತನ್ನ ಫೋಟೊದ ಬ್ಯಾನರು ಆಗಲೇ ಕಟ್ಟಿಸಿದ್ದ.

ನಾವು ನಾವಾಗಿರುವುದು ಹೇಗೆಂದು ಕಲಿಸಲು ಸುಶೀಲೇಂದ್ರ ತರಗತಿ ಇಟ್ಟ. ನಾವು ಬಹಳ ನಗುತ್ತೇವಂತೆ. ನಡೆಯುವಾಗ ಕೈ ಬಹಳ ಬೀಸುತ್ತೇವಂತೆ. ನನ್ನ ಪಾತ್ರವನ್ನು ಮುಂಬೈಯ ಹೀರೋಯಿನ್ ಮಾಡುತ್ತಿದ್ದಳು. ಒಳ್ಳೆಯ ಹುಡುಗಿ, ಕಸಬರಿಗೆಯನ್ನು ತಂಬೂರಿ ಹಿಡಿದ ಹಾಗೆ ಹಿಡಿಯುತ್ತಿದ್ದಳು. ಅವಳಿಗೊಂದು ಮಾತು ಬರೆದುಕೊಟ್ಟಿದ್ದರು: "ನಾವೂ ಮನುಷ್ಯರಲ್ಲವೇ?" ನಾವು ಹಾಗೆ ಅನ್ನುವುದಿಲ್ಲ ಎಂದೆ. ಮತ್ತೇನು ಅಂತೀರಿ ಎಂದ ಸುಶೀಲೇಂದ್ರ. ಅನ್ನುವುದನ್ನು ಅಂದು ತೋರಿಸಿದೆ. ಬರೆದುಕೊಂಡ, ಆಮೇಲೆ ಹೊಡೆದುಹಾಕಿದ.

ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸಿ ಲ್ಯಾಪ್‌ಟಾಪಿನಲ್ಲಿ ಜಗತ್ತಿನ ಸಿನೆಮಾಗಳ ತುಣುಕು ತೋರಿಸಿದ. ಎಂಟು ದೇಶದ ಬಡವರು. ಎಲ್ಲ ದೇಶದಲ್ಲೂ ಒಂದು ಗಟಾರ, ಗಟಾರದ ದಂಡೆಗೆ ನಗದ ಒಬ್ಬ ಹೆಂಗಸು, ಓಡುವ ಮಕ್ಕಳು, ಬೊಗಳುವ ನಾಯಿ. ಯಾವ ದೇಶದ ಬಡವರ ಮನೆಯಲ್ಲೂ ಟೀವಿ ಇರಲಿಲ್ಲ. ಅವರೂ ಕೌದಿಯಲ್ಲಿ ಸುತ್ತಿಟ್ಟಿರಬೇಕು ಎಂದುಕೊಂಡೆ.

ಪೀರಾಂಬಿ ಕಣ್ಣು ಕಿರಿದು ಮಾಡಿ ನೋಡಿ ಕೇಳಿದಳು. "ಇವನ್ಯಾಕ ಯಾರೂ ಮುಚ್ಚಿಲ್ಲ?"

"ಏನು ಅಜ್ಜಿ?"

"ಗಟಾರ. ಇಷ್ಟ ಮಂದಿ ಫೋಟೊ ತಗೀತೀರಿ, ಒಂದರ ಮುಚ್ಚೀರೇನು?"

ಅವನು ನಕ್ಕ. "ಎಂಥ ಸಹಜ ಡೈಲಾಗ್!" ಎಂದು ಶರ್ವರಿಗೆ ಬರೆದುಕೊಳ್ಳಲು ಹೇಳಿದ. ಶರ್ವರಿ ಬರೆದುಕೊಂಡಳು, ಆದರೆ ನಗಲಿಲ್ಲ.

ಮೂರನೆಯ ದಿನವೇ ಪೀರಾಂಬಿಯ ಹಲಗೆ ತೆಗೆಸಿದ್ದರು. ಅದು ಹಳೆಯ ಅಂಗಡಿಯೊಂದರ ಬೋರ್ಡು, ಯಾವುದೋ ಬೀಡಿಯ ಜಾಹೀರಾತು ಇತ್ತು. ಜಾಹೀರಾತು ಸಿನೆಮಾದಲ್ಲಿ ಬರಬಾರದಂತೆ. ಬೇರೆ ಹಲಗೆ ಕೊಡಿ ಎಂದರೆ, ಹೊಸ ಹಲಗೆ ರಿಯಲ್ ಕಾಣುವುದಿಲ್ಲವಂತೆ. ಅಬ್ದುಲಸಮದ ಬೆಳಿಗ್ಗೆ ಅವ್ವನನ್ನು ಎತ್ತಿ ದಾಟಿಸಿ ಸಂಡಾಸಕ್ಕೆ ಕರೆದೊಯ್ದು ಮತ್ತೆ ಒಳಗಿಟ್ಟು ಬಾಡಿಗೆಗೆ ಹೋಗುತ್ತಿದ್ದ. ಸಂಜೆ ಬಂದು ಮತ್ತೆ ದಾಟಿಸುತ್ತಿದ್ದ. ನಡುವಿನ ಹೊತ್ತು ಮುದುಕಿ ನೀರು ಕುಡಿಯುವುದನ್ನೇ ಬಿಟ್ಟಳು.

ಹನ್ನೆರಡನೆಯ ದಿನ ಮಧ್ಯಾಹ್ನ ಎರಡರ ಸುಮಾರಿಗೆ ಶಾಟ್ ನಡೆದಿತ್ತು. "ಸೈಲೆನ್ಸ್!" ಎಂದು ಕೂಗಿದ್ದರು. ಹಾಗೆಂದರೆ ಯಾರೂ ಉಸಿರು ಬಿಡುವ ಹಾಗಿಲ್ಲ. ಒಳಗಿನಿಂದ ಪೀರಾಂಬಿ ಕರೆದಳು. "ಪರಸವ್ವಾ... ಬಾ ಬೇ, ಅವಸರ ಆಗೇತಿ." ನಾನು ಎದುರಿಗೇ ನಿಂತಿದ್ದೆ. ಸಂಗನಬಸವ ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದ. ಕೂಲಿ ಕೊಡುವವನ ಬೆರಳು ಅದು. ನಾನು ಸುಮ್ಮನಿದ್ದೆ. ಇದನ್ನು ಬರೆಯದಿದ್ದರೆ ಈ ಕಥೆಯೂ ಅವರ ಸಿನೆಮಾದ ಹಾಗೇ ಆಗುತ್ತದೆ. ಎರಡನೆಯ ಸಲ ಕರೆದಳು. ಆಗಲೂ ಸುಮ್ಮನಿದ್ದೆ. ಮೂರನೆಯ ಸಲ ಕರೆಯಲಿಲ್ಲ. ಗೋಡೆ ಹಿಡಿದು ಹೊರಗೆ ಬಂದು ತಾನೇ ಕಾಲು ಚಾಚಿದಳು.

ಬಿದ್ದ ಸಪ್ಪಳ ಬಹಳ ದೊಡ್ಡದೇನೂ ಇರಲಿಲ್ಲ. ಟೊಂಕಮಟ ರಾಡಿಯಲ್ಲಿ ಕುಳಿತಿದ್ದಳು. ಸೀರೆಯಲ್ಲೇ ಆಗಿಹೋಗಿತ್ತು. ಅದು ಯಾರಿಗೂ ಕಾಣಬಾರದೆಂದು ಎರಡೂ ಕೈಯಿಂದ ರಾಡಿಯನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದಳು.

"ಕ್ಯಾಮೆರಾ ಆನ್ ಇತ್ತಾ?" ಸುಶೀಲೇಂದ್ರ ಕೇಳಿದ.

"ಇತ್ತು ಸರ್."

ಅವನು ಕಣ್ಣು ಮುಚ್ಚಿ ಕೈ ಮುಗಿದ. ಆಮೇಲೆ ಗಟಾರದ ದಂಡೆಗೆ ಬಂದು ಕುಕ್ಕರುಗಾಲಲ್ಲಿ ಕುಳಿತು ಬಹಳ ಪ್ರೀತಿಯಿಂದ ಕೇಳಿದ. "ಅಜ್ಜಿ, ಪೆಟ್ಟಾಗಿಲ್ಲ ತಾನೇ? ಆ ಕಡೆ ಆ್ಯಂಗಲ್‌ನಿಂದ ಇನ್ನೊಂದು ಸಲ ಆಗುತ್ತಾ?"

ನಾನು ಮತ್ತು ಶರ್ವರಿ ಅವಳನ್ನು ಎತ್ತಿ ಒಳಗೆ ಒಯ್ದೆವು. ಆ ಹುಡುಗಿ ತನ್ನ ಕೈಯಾರೆ ಮುದುಕಿಯ ಕಾಲು ತೊಳೆದಳು. ಎಲುಬು ಉಳಿದಿತ್ತು, ಪುಣ್ಯ. ಪೀರಾಂಬಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀ ಎದುರಿಗೇ ಇದ್ದೆಲ್ಲ, ಬೇಟಿ" ಎಂದಳು ಅಷ್ಟೇ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಹದಿನೆಂಟನೆಯ ದಿನ ಬೆಳಿಗ್ಗೆ ನನಗೆ ಬುಲಾವು ಬಂತು. ದೊಡ್ಡ ಸೀನು. ಪರಸವ್ವ ಗಟಾರಕ್ಕೆ ಇಳಿಯುವ ಸೀನು. ಹೀರೋಯಿನ್ ಒಳ್ಳೆಯ ಸೀರೆಯನ್ನೇ ಹರಿದು ಮಾಡಿದ ಹರಕು ಸೀರೆ ಉಟ್ಟು ಕೊಡೆಯ ಕೆಳಗೆ ಕುಳಿತಿದ್ದಳು. ಅಂಥದೇ ಹರಕು ಸೀರೆ ನನ್ನ ಕೈಗೂ ಕೊಟ್ಟರು.

"ಅವರ ಸ್ಕಿನ್‌ಗೆ ಇನ್‌ಫೆಕ್ಷನ್ ಆಗುತ್ತೆ" ಎಂದ ಸುಶೀಲೇಂದ್ರ. "ನೀವು ಇಳೀರಿ. ನಿಮ್ಮ ಮುಖ ಬೇಡ, ಕೈಕಾಲು ಸಾಕು. ಮುಖಕ್ಕೆ ಅವರದನ್ನ ಆಮೇಲೆ ತಗೋತೀವಿ."

"ನಾ ಇಳಿಯಂಗಿಲ್ರಿ."

"ಯಾಕೆ? ನಿಮಗೆ ಅಭ್ಯಾಸ ಇರುತ್ತಲ್ಲ."

"ನಮ್ಮವ್ವಗ ಇತ್ರಿ. ಆಕಿ ಕಾಲ ಕೊಳತು ಸತ್ಲು. ನಾ ಇಳಿಯಂಗಿಲ್ಲ."

ಅವನ ಮುಖ ಅರಳಿತು. ಅವ್ವನ ಹುಣ್ಣಿನ ಕಥೆಯನ್ನು ಶರ್ವರಿಗೆ ಬರೆದುಕೊಳ್ಳಲು ಹೇಳಿದ. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟ. "ನೋಡಿ ಪರಸವ್ವ, ನಾನು ಈ ಸಿನೆಮಾ ಮಾಡ್ತಿರೋದೇ ಇನ್ನು ಮುಂದೆ ಯಾರೂ ಗಟಾರಕ್ಕೆ ಇಳಿಯಬಾರದು ಅಂತ. ಅದಕ್ಕೋಸ್ಕರ ನೀವು ಒಂದೇ ಒಂದು ಸಲ ಇಳೀಬೇಕು."

"ಬೂಟ, ಕೈಗವಸ ಕೊಡ್ತೀರೇನ್ರಿ?"

"ಬೂಟು ಹಾಕಿದ್ರೆ ಅದು ರಿಯಲ್ ಆಗಲ್ಲ."

ಸಾಹೇಬನ ವೇಷದಲ್ಲಿದ್ದ ಸಂಗನಬಸವ ಹಲ್ಲು ಕಡಿದ. "ಲೇ ಪರಸಿ, ನಾಟಕ ಮಾಡಬ್ಯಾಡ. ಇಳಿ ಅಂದ್ರ ಇಳಿ. ಇಲ್ಲಾಂದ್ರ ನಾಳಿಂದ ಚೌಕದ ಕಡೆ ಬರಬ್ಯಾಡ."

ನಾನು ಆ ಹರಕು ಸೀರೆ ನೋಡಿದೆ. ಗಟಾರ ನೋಡಿದೆ. ಹೊಸ್ತಿಲಲ್ಲಿ ಪೀರಾಂಬಿ ಕುಳಿತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಸೀರೆಯನ್ನು ಸಂಗನಬಸವನ ಕುರ್ಚಿಯ ಮೇಲೆ ಇಟ್ಟೆ. ಅಬ್ದುಲಸಮದನಿಗೆ ಫೋನು ಹಚ್ಚಿದೆ. "ತಿಕೋಟಾಕ್ಕ ಹೋಗು. ಎಲ್ಲಾ ತಗೊಂಡು ಬಾ. ಮೊದಲ ನಮ್ಮತ್ತಿನ್ನ ಹೇರು."

ಆಮೇಲೆ ಬೇವಿನ ಗಿಡದ ಹತ್ತಿರ ಹೋಗಿ ತಾಡಪತ್ರಿ ಎಳೆದೆ. ಕಣಿಕೆ ಎಲ್ಲ ಕೆಳಗೆ ಬಿತ್ತು. ಮನೆಯಿಂದ ತಾಟು ತಂದು ಬಡಿದೆ. ಈ ಸಲ ಬಡಿದದ್ದು ಬಚ್ಚಿಡಲಿಕ್ಕಲ್ಲ. ಹೆಂಗಸರೆಲ್ಲ ಹೊರಗೆ ಬಂದರು.

"ಬರ್ರೇ, ಕಲ್ಲ ಮುಚ್ಚೂಣು."

ಒಂದು ಸ್ಲ್ಯಾಬಿಗೆ ಆರು ಜನ ಬೇಕಾಯಿತು. ಹಾರೆ ತೂರಿಸಿ ಎಬ್ಬಿಸುವುದು, ಹಗ್ಗ ಹಾಕುವುದು, ಬಿದಿರು ಬೊಂಬು ಹೆಗಲಿಗೆ ಕೊಡುವುದು. ಹೆಗಲ ಮೇಲೆ ಸೀರೆಯ ಸಿಂಬಿ. ಸೊಂಟ ನಡುಗುತ್ತಿತ್ತು. ಮೊದಲ ಸ್ಲ್ಯಾಬು ಇಡುವಾಗ ನನ್ನ ನಡುಬೆರಳ ಉಗುರು ಹೋಯಿತು. ರಕ್ತ ಕಲ್ಲಿನ ಮೇಲೆ ಬಿತ್ತು. ಮೊದಲು ಮುಚ್ಚಿದ್ದು ಪೀರಾಂಬಿಯ ಬಾಗಿಲ ಮುಂದೆ.

ತಡೆಯುತ್ತಾರೆ ಎಂದುಕೊಂಡಿದ್ದೆ. ತಡೆಯಲಿಲ್ಲ. ಸುಶೀಲೇಂದ್ರ ಕುಣಿಯುವುದೊಂದು ಬಾಕಿ. "ರೋಲ್! ರೋಲ್! ನಿಲ್ಲಿಸಬೇಡಿ! ಆ ರಕ್ತ ತಗೊಳ್ಳಿ, ಕ್ಲೋಸಪ್! ಬಂಡಾಯ! ನಿಜವಾದ ಬಂಡಾಯ!" ಅವನಿಗೆ ನಾವು ಸಿಟ್ಟಾದದ್ದೂ ಬೇಕಿತ್ತು. ನಮ್ಮ ಸಿಟ್ಟಿಗೂ ಚಿತ್ರೋತ್ಸವ ಇತ್ತು.

ಸಂಗನಬಸವ ಓಡಿ ಬಂದ. "ಏ, ಯಾರ್ ಹೇಳ್ಯಾರ ನಿಮಗ? ಇಡ್ರಿ ಕೆಳಗ!"

ನಾನು ಬೊಂಬು ಹೆಗಲ ಮೇಲಿಟ್ಟುಕೊಂಡೇ ಹೇಳಿದೆ. "ಸಾಹೇಬ್ರ, ಕ್ಯಾಮೆರಾ ಚಾಲೂ ಐತ್ರಿ. ನಿಮ್ಮ ಮಾತ ಹೇಳ್ರಿ."

ಅವನು ಕ್ಯಾಮೆರಾ ನೋಡಿದ. ಕೆಂಪು ದೀಪ ನೋಡಿದ. ಎದೆ ಮುಂದೆ ಮಾಡಿ, ಕೈ ಎತ್ತಿ, ಮೊದಲ ಸಲ ಒಂದಕ್ಷರ ತಪ್ಪದೆ ಹೇಳಿದ. "ಈ ಗಟಾರವನ್ನು ಇಂದೇ ಮುಚ್ಚಿಸುತ್ತೇನೆ, ತಾಯಿ!"

"ಮತ್ತ ಬೊಂಬ ಹಿಡೀರಿ" ಎಂದೆ. ಹಿಡಿಯದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಮೂರು ಸ್ಲ್ಯಾಬು ಹೊತ್ತ. ಪೌಡರೆಲ್ಲ ಬೆವರಿಗೆ ಇಳಿಯಿತು.

ನಲವತ್ತೆರಡನೆಯ ಸ್ಲ್ಯಾಬು ಬೀಳುವ ಹೊತ್ತಿಗೆ ನಾಲ್ಕು ದಾಟಿತ್ತು. ಹೆಗಲ ಚರ್ಮ ಕಿತ್ತಿತ್ತು. ಓಣಿಯ ತುದಿಯಲ್ಲಿ ಟೆಂಪೊದ ಹಾರ್ನು ಕೇಳಿತು. ಕೌದಿ ಸುತ್ತಿದ್ದನ್ನು ಅಬ್ದುಲಸಮದ ಮತ್ತು ನಾನು ಇಳಿಸಿ ಸ್ಲ್ಯಾಬಿನ ಮೇಲೆ ನಿಲ್ಲಿಸಿದೆವು.

"ಇದೇನು?" ಎಂದ ಸುಶೀಲೇಂದ್ರ. ಕ್ಯಾಮೆರಾ ಇನ್ನೂ ಓಡುತ್ತಿತ್ತು.

"ನಮ್ಮತ್ತಿ ರೀ. ತಿಕೋಟಾದಾಗ ಮನಸ ಹತ್ತಲಿಲ್ಲಂತ. ತಿರುಗಿ ಬಂದಾಳ."

ಕೌದಿ ಎಳೆದೆ. ನನ್ನ ಟೀವಿ. ಒಳಗಿನಿಂದ ವಾಯರು ಎಳೆದು ಹಚ್ಚಿದೆವು. ಅಡುಗೆ ಕಾರ್ಯಕ್ರಮ ಬರುತ್ತಿತ್ತು, ಯಾರೋ ಹೋಳಿಗೆ ಮಾಡುತ್ತಿದ್ದರು. ಅದರ ಹಿಂದೆ ಫ್ರಿಜ್ಜು ಇಳಿದವು, ಮಿಕ್ಸರು ಇಳಿದವು. ಪೀಪಾಯಿಯಿಂದ ಸಿಲಿಂಡರುಗಳು ಹೊರಗೆ ಬಂದವು. ಪೀರಾಂಬಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮುಂದೆ ಕೂಲರು ಹಚ್ಚಿದೆವು. ಅವಳ ಸೆರಗು ಹಾರಿತು. ಹದಿನೆಂಟು ದಿನದಲ್ಲಿ ಓಣಿ ಮೊದಲ ಸಲ ಹೊಟ್ಟೆ ತುಂಬ ನಕ್ಕಿತು.

"ಕಟ್! ಕಟ್! ಕಟ್!" ಸುಶೀಲೇಂದ್ರ ಚೀರಿದ. "ಇದು ರಿಯಲ್ ಅಲ್ಲ! ತೆಗೀರಿ ಅದನ್ನೆಲ್ಲ! ನೀವು ನನಗೆ ಮೋಸ ಮಾಡಿದಿರಿ!"

ಮುದುಕಿ ಗಟಾರದಲ್ಲಿ ಬಿದ್ದಾಗ ಅವನು ಕಟ್ ಎನ್ನಲಿಲ್ಲ. ನನ್ನ ಬೆರಳಿನಿಂದ ರಕ್ತ ಬಂದಾಗ ಕಟ್ ಎನ್ನಲಿಲ್ಲ. ಕೂಲರಿನ ಗಾಳಿಗೆ ಮುದುಕಿ ನಕ್ಕಾಗ ಕಟ್ ಎಂದ.

"ಫ್ರಿಜ್ ಇದ್ರ ಗಟಾರ ನಾರೂದಿಲ್ಲೇನೋ?" ನನಗೆ ರೀ ಗೀ ಎಲ್ಲ ಮರೆತುಹೋಯಿ­ತು. "ಟೀವಿ ಇದ್ರ ನಮ್ಮವ್ವನ ಕಾಲಿನ ಹುಣ್ಣ ಸುಳ್ಳೇನು? ಸರ್ವೇದಾಂವನೂ ಹಿಂಗ ಅಂತಾನ, ನೀನೂ ಹಿಂಗ ಅಂತಿ. ಉಪಾಸ ಬಿದ್ದು ತೋರಿಸಿದ್ರ ಅಷ್ಟ ನಾವು ಖರೇ. ನಡಿ, ಎದ್ದು ನಡಿ."

ಶರ್ವರಿ ತನ್ನ ಪ್ಯಾಡು ತೆಗೆದು ಏನೋ ಬರೆದಳು. ಆಮೇಲೆ ಇಡೀ ಪುಟಕ್ಕೆ ಅಡ್ಡಗೆರೆ ಎಳೆದಳು.

ಸಿನೆಮಾದವರು ಮರುದಿನ ಗಂಟುಮೂಟೆ ಕಟ್ಟಿದರು. ಸಂಗನಬಸವ ಹೇಳಿದಂತೆ ನನ್ನನ್ನು ಕೆಲಸದಿಂದ ಬಿಡಿಸಿದ. ಓಣಿಯ ಯಾರೂ ಕಸಬರಿಗೆ ಮುಟ್ಟಲಿಲ್ಲ. ಎಂಟನೆಯ ದಿನ ಗಾಂಧಿ ಚೌಕದ ಅಂಗಡಿಯವರು ಮೂಗು ಮುಚ್ಚಿಕೊಂಡು ಅವನ ಮನೆಗೆ ಹೋದರು. ಒಂಬತ್ತನೆಯ ದಿನ ಅವನೇ ಬಂದು ಕರೆದ. ಕರೆಯುವಾಗ ಸ್ಲ್ಯಾಬಿನ ಮೇಲೆ ನಿಂತಿದ್ದ.

ಮಳೆ ಮುಗಿದ ಮೇಲೆ ಒಂದು ಬೆಳಿಗ್ಗೆ ಶರ್ವರಿಯ ಫೋನು ಬಂತು. ಸಿನೆಮಾ ಮುಗಿದಿದೆ. ಮುಂಬೈಯ ಸ್ಟುಡಿಯೊದಲ್ಲಿ ನಮ್ಮ ಓಣಿಯನ್ನೇ ಕಟ್ಟಿದರಂತೆ, ಫೋಟೊ ನೋಡಿಕೊಂಡು. ಗಟಾರ ಕೂಡ. ನಾಲ್ಕು ದಿನದಲ್ಲಿ ಕಟ್ಟಿದರಂತೆ. ಹೀರೋಯಿನ್ ಇಳಿಯಬೇಕಲ್ಲ, ಅದಕ್ಕೆ ಫಿಲ್ಟರ್ ನೀರು ತುಂಬಿಸಿ ಕಾಫಿಪುಡಿ ಕಲಸಿದರಂತೆ. ನಮ್ಮ ನಳಕ್ಕೆ ಆ ನೀರು ಬರುವುದಿಲ್ಲ. ಯಾವುದೋ ದೇಶದಲ್ಲಿ ಆ ಸಿನೆಮಾಕ್ಕೆ ಬಹುಮಾನ ಬಂತು. ಬಹಳ ನೈಜವಾಗಿದೆಯಂತೆ.

ನಾನು ಚಹಾ ಸೋಸುತ್ತ ಇದನ್ನು ಕೇಳುತ್ತಿದ್ದೆ. ಹೊರಗೆ ಸ್ಲ್ಯಾಬಿನ ಮೇಲೆ ಕೋಲು ಊರುವ ಸಪ್ಪಳ ಬಂತು. ನಾನು ಕೈ ಹಿಡಿಯಲು ಏಳಲಿಲ್ಲ. ಎದ್ದರೆ ಬೈಗುಳ ಗ್ಯಾರಂಟಿ. ಪೀರಾಂಬಿ ಒಳಗೆ ಬಂದು, ಕುಳಿತು, ಚಹಾದ ಬಸಿಗೆ ಕೈ ಚಾಚಿದಳು. ದಿನಾ ಬರುತ್ತಾಳೆ. ಫೋನು ಇಡದೆಯೇ ಸುದ್ದಿ ಎಲ್ಲ ಹೇಳಿದೆ. ಕಾಫಿಪುಡಿ, ಬಹುಮಾನ ಎಲ್ಲ. ಅವಳು ಬಸಿಯಿಂದ ಚಹಾ ಸೊರ್ರೆಂದು ಕುಡಿದು ಮುಗಿಸಿದಳು.

"ಶೂಟಿಂಗ್ ಮುಗದ ಮ್ಯಾಲ ಆ ಗಟಾರ ಮುಚ್ಯಾರೇನು ಕೇಳು."

ಕೇಳಿದೆ. ಇಲ್ಲ, ಇನ್ನೊಂದು ಸಿನೆಮಾದವರು ಬಾಡಿಗೆಗೆ ತಗೊಂಡಿದ್ದಾರೆ, ಅದಕ್ಕೆ ಹಾಗೇ ಬಿಟ್ಟಿದ್ದಾರೆ ಎಂದಳು ಶರ್ವರಿ.

ಪೀರಾಂಬಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. ಮುಂಬೈ ದೂರ ಇದೆಯೆಂದು ಜೋರಾಗಿ ಕೂಗಿ ಹೇಳಿದಳು.

"ಮುಚ್ಚಾಕ ಹೇಳ ಬೇಟಿ. ಅಲ್ಲೀನೂ ಯಾರರ ಮುದುಕ್ಯಾರ ಇರ್ತಾರ."